ಕುಸುಮಳ ಶನಿವಾರದ ಪಾಠ

ಕುಸುಮಳ ಗಂಡನ ತಲೆಗೆ ಹೊಲಿಗೆ ಬಿತ್ತಲ್ಲ, ಅದು ನನ್ನ ಕೈಯ ಕೆಲಸ. ಮೈಕ್ ಸ್ಟ್ಯಾಂಡಿನ ಬುಡ ಅಷ್ಟು ಭಾರ ಇರುತ್ತದೆಂದು ಎತ್ತಿದ ಮೇಲೇ ಗೊತ್ತಾಗಿದ್ದು. ಅರವತ್ತು ದಾಟಿದ ಹೆಂಗಸು ಹೀಗೆಲ್ಲ ಮಾಡಬಹುದೇ ಎಂದು ನಮ್ಮ ಯಜಮಾನರು ಇವತ್ತಿಗೂ ಕೇಳುತ್ತಾರೆ. ಮಾಡಬಹುದು, ಮಾಡಿದ್ದೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮದುವೆಯಾದ ವಾರದಲ್ಲೇ ಅವರಿಗೆ ತಿಳಿದಿತ್ತು.

ನಾನು ಪ್ರೇಮಲೀಲಾ, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತಳಾದವಳು. ಆಸ್ಪತ್ರೆಯ ರೋಗಿಗಳ ವಿವರವೋ, ಗೋದಾಮಿನ ಸರಕಿನ ಲೆಕ್ಕವೋ ಕಂಪ್ಯೂಟರಿನೊಳಗೆ ಕೂತಿರುತ್ತದಲ್ಲ, ಆ ಡೇಟಾಬೇಸನ್ನು ಕಾಯುವುದೇ ಕೆಲಸವಾದವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿ ತಿಂಗಳಿಗೊಂದು ಶನಿವಾರ ವಿಜಯನಗರದ ಕಾಲೇಜೊಂದರ ಹಾಲಿನಲ್ಲಿ ನಾವು ಕೆಲವರು ಪುಕ್ಕಟೆ ತರಬೇತಿ ನಡೆಸುತ್ತೇವೆ. ಕಲಿಯುವವರು ಕಾಸು ಕೊಡಬೇಕಿಲ್ಲ, ಕಲಿಸುವವರಿಗೂ ಕಾಸಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಕಾಫಿ. ಒಬ್ಬರ ಕೈ ಸುಟ್ಟರೆ ಇನ್ನೊಬ್ಬರ ಕೈ ಸುಡದಿರಲಿ ಎಂದು ತಮಗೆ ಗೊತ್ತಿದ್ದನ್ನು ಹೇಳಿಕೊಡುವುದು, ಅಷ್ಟೇ.

ಕುಸುಮ ಅಲ್ಲಿಗೆ ಮೊದಲು ಕಲಿಯಲು ಬಂದವಳು. ನಂಜನಗೂಡು ಕಡೆಯ ಹಳ್ಳಿಯ ರೈತರ ಮನೆಯ ಹುಡುಗಿ, ವಿದ್ಯಾರಣ್ಯಪುರಂನಲ್ಲಿ ಸಂಸಾರ, ಔಷಧಿ ಸಗಟು ವ್ಯಾಪಾರದ ಕಂಪನಿಯೊಂದರಲ್ಲಿ ಕೆಲಸ. ಮೊದಲ ಸಲ ಮೈಕ್ ಹಿಡಿಸಿದಾಗ ಮೂರು ಲೋಟ ನೀರು ಖಾಲಿ ಮಾಡಿದಳು. ಆಮೇಲೆ ಅವಳು ಮಾತಾಡುವ ಶನಿವಾರ ಹಾಲಿನಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ಅವಳ ವಿಷಯ ಬ್ಯಾಕಪ್, ಅಂದರೆ ಮಾಹಿತಿಯ ನಕಲನ್ನು ಬೇರೆಡೆ ಜೋಪಾನ ಮಾಡುವುದು. "ತಗೊಂಡಿಟ್ರೆ ಸಾಲ್ದು ಕಣ್ರೀ," ಎನ್ನುತ್ತಿದ್ದಳು, "ತೆಗ್ದು ಕೊನೆವರ್ಗೂ ನೋಡ್ಬೇಕು. ನೋಡ್ದೇ ಇಟ್ಟಿರೋ ಬ್ಯಾಕಪ್ಪು ಬೀಗದ ಕೈ ಕಳ್ಕೊಂಡಿರೋ ಪೆಟ್ಟಿಗೆ ಇದ್ದಂಗೆ."

ಆ ಮಾತಿಗೆ ಜನ ಚಪ್ಪಾಳೆ ತಟ್ಟಿದರೆ ಗಂಡ ಮಹದೇವುವಿಗೆ ಹೊಟ್ಟೆಯಲ್ಲಿ ಬೆಂಕಿ. ದೇವರಾಜ ಮೊಹಲ್ಲಾದಲ್ಲಿ ಅವನಿಗೆ ಪೇಂಟಿನ ಅಂಗಡಿ. ಹೆಂಡತಿಯ ಸಂಬಳ ಬೇಕು, ಹೆಂಡತಿಯ ಶನಿವಾರ ಬೇಡ. ಸಂಬಳವಿಲ್ಲದ ಕೆಲಸಕ್ಕೆ ಗಂಡಸರ ಮುಂದೆ ನಿಂತು ನಗುವುದೇಕೆ ಎಂದು ಅವನ ತಕರಾರು. ತಕರಾರು ಬಾಯಲ್ಲಿ ಶುರುವಾಗಿ ಬೆಲ್ಟಿಗೆ ಬಂತು. ಒಮ್ಮೆ ಕುದಿಯುವ ಸಾರಿನ ಸೌಟನ್ನು ಭುಜಕ್ಕೆ ಒತ್ತಿದ್ದ. ಒಮ್ಮೆ ಒದ್ದ ಏಟಿಗೆ ವಾರವಿಡೀ ಅವಳಿಗೆ ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಇದೆಲ್ಲ ಅವಳು ಹೇಳಿದ್ದು ಆಮೇಲೆ. ಆಗ ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ನಗುನಗುತ್ತಾ ಬರುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿಯಿದೆ. ವೇದಿಕೆಯ ಮೇಲೆ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವ ಡೆಮೊ ಸರಿಯಾಗಿ ಬೇಕಾದ ಹೊತ್ತಿಗೇ ಕೈ ಕೊಡುತ್ತದೆ. ಅದಕ್ಕೆ ಮಾತಾಡುವವರು ಮನೆಯಲ್ಲೇ ಒಮ್ಮೆ ಮಾಡಿ, ಪರದೆಯನ್ನೂ ತಮ್ಮ ಮಾತನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಅವರ ಲ್ಯಾಪ್‌ಟಾಪೇ ಕೆಟ್ಟರೆ ಇರಲಿ ಎಂದು ಅದರ ನಕಲೊಂದನ್ನು ಪೆನ್ ಡ್ರೈವಿನಲ್ಲಿ ನನಗೆ ಕೊಡುತ್ತಾರೆ.

ಆ ಶನಿವಾರ ಕುಸುಮ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಜೊತೆಗೆ ಮಹದೇವು.

"ಬಚ್ಚಲಲ್ಲಿ ಜಾರ್ಬುಟ್ಟೆ ಮೇಡಂ," ಎಂದು ಪೆನ್ ಡ್ರೈವ್ ಕೊಟ್ಟಳು.

"ನಾನೇ ಕರ್ಕೊಂಬಂದೆ. ಗಾಡಿ ಓಡ್ಸಕ್ಕಾಗಲ್ವಲ್ಲ," ಎಂದ ಮಹದೇವು, ಬಲು ಸಾಧುವಿನ ಹಾಗೆ. ಆ ಪಾಪಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದ್ದು ನಾನೇ. ತಿಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತ.

ಎಡಗೈಯಲ್ಲಿ ಟೈಪ್ ಮಾಡಲು ಹೋಗಿ ಕುಸುಮ ತಪ್ಪಿದಳು, ಮತ್ತೆ ತಪ್ಪಿದಳು. ಕೊನೆಗೆ ನಗುತ್ತಾ, "ರೆಕಾರ್ಡಿಂಗೇ ತೋರಿಸ್ಬುಡ್ತೀನಿ," ಎಂದು ಹಾಕಿದಳು. ಅಳಿಸಿಹೋದ ಮಾಹಿತಿಯೆಲ್ಲ ಬ್ಯಾಕಪ್ಪಿನಿಂದ ಮರಳಿ ಬಂದು ಪರದೆ ತುಂಬಿತು. ಡೆಮೊ ಅಲ್ಲಿಗೆ ಮುಗಿಯಿತು. ಯಾರೋ ಪ್ರಶ್ನೆ ಕೇಳಿದರು, ಕುಸುಮ ಉತ್ತರಿಸಲು ಬೋರ್ಡಿನ ಕಡೆ ತಿರುಗಿದಳು. ರೆಕಾರ್ಡಿಂಗ್ ಮಾತ್ರ ನಿಂತಿರಲಿಲ್ಲ.

ಗುರುವಾರ ಸಂಜೆ ಮನೆಯ ಊಟದ ಮೇಜಿನ ಮೇಲೆ ಅವಳು ಅದನ್ನು ಮಾಡಿದ್ದಳು. ಮುಗಿಸಿ, ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಮಹದೇವು ಒಳಗೆ ಬಂದಿದ್ದ. ಬ್ಯಾಟರಿ ಸಾಯುವವರೆಗೆ ಅದು ಓಡುತ್ತಲೇ ಇತ್ತು. ಮರುದಿನ ಅವಳು ಡೆಮೊ ಇರುವಷ್ಟು ಭಾಗ ನೋಡಿ, ಸರಿಯಿದೆ ಎಂದು ನಕಲು ಮಾಡಿಬಿಟ್ಟಳು. ಊರಿಗೆಲ್ಲ ಪಾಠ ಹೇಳುವವಳು ತಾನು ಕೊನೆಯವರೆಗೆ ನೋಡಲಿಲ್ಲ.

ಹಾಲಿನ ಸ್ಪೀಕರುಗಳಲ್ಲಿ ಬಾಗಿಲು ದಢಾರೆಂದಿತು.

"ಲೇ, ಯಾವನ್ಗೇ ಪಾಠ ಹೇಳ್ತಿದೀಯ?"

"ರೀ, ಶನಿವಾರದ್ದು ರೀ... ಇದೊಂದ್ಸಲ..."

ಕೆನ್ನೆಗೆ ಬಿದ್ದ ಏಟು ಎಲ್ಲರಿಗೂ ಕೇಳಿಸಿತು. ಇನ್ನೊಂದು. ಕುರ್ಚಿ ಉರುಳಿತು. "ಈ ಕೈಯಲ್ಲೇ ಅಲ್ವೇನೇ ಟೈಪ್ ಮಾಡೋದು? ಈ ಕೈಯಲ್ಲೇ?" ಕುಸುಮ "ಅಯ್ಯೋ, ಕೈ ಬುಡಿ, ಕೈ ಬುಡಿ" ಎಂದು ಕಿರುಚಿದಳು. ಆಮೇಲೆ ಲಟಕ್ಕೆಂದು ಒಂದು ಸದ್ದು. ಅದು ಮೂಳೆಯದೆಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ವೇದಿಕೆಯ ಮೇಲಿನ ಕುಸುಮ ಬೋರ್ಡಿನ ಪೆನ್ನು ಹಿಡಿದೇ ನಿಂತಿದ್ದಳು. ಮಹದೇವು ಕುರ್ಚಿಗಳನ್ನು ಒದ್ದುಕೊಂಡು ಓಡಿಬಂದ. ಲ್ಯಾಪ್‌ಟಾಪ್ ಎತ್ತಿ ನೆಲಕ್ಕೆ ಅಪ್ಪಳಿಸಿ ಬೂಟುಗಾಲಲ್ಲಿ ತುಳಿದ. ಸದ್ದು ನಿಂತಿತು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಅವನು ಅವಳ ಜಡೆ ಹಿಡಿದು ಮುಖವನ್ನು ಮೇಜಿಗೆ ಗುದ್ದಿಸಿದ. "ಮರ್ವಾದೆ ತೆಗಿತೀಯೇನೇ? ನನ್ ಮರ್ವಾದೆ ತೆಗಿತೀಯಾ?" ಎನ್ನುತ್ತಾ ಮತ್ತೆ ಗುದ್ದಿಸಿದ. ಅವಳ ಮೂಗಿನ ರಕ್ತ ಬಿಳಿ ಪ್ಲಾಸ್ಟರಿನ ಮೇಲೆ ಸುರಿಯಿತು. ಹಿಡಿಯಲು ಬಂದವರೊಬ್ಬರ ಕೈಯನ್ನು ಕಚ್ಚಿ, ಇನ್ನೊಬ್ಬರ ಹೊಟ್ಟೆಗೆ ಒದ್ದ. ಮೂರನೇ ಸಲ ಅವಳ ತಲೆ ಎತ್ತಿದಾಗ ನಾನು ಸ್ಟ್ಯಾಂಡ್ ಎತ್ತಿದೆ.

ಬಿದ್ದ. ನನಗೆ ಸ್ವಲ್ಪವೂ ಅಯ್ಯೋ ಅನ್ನಿಸಲಿಲ್ಲ.

ಠಾಣೆಯಲ್ಲಿ ಅವನು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮೊದಲು ನನ್ನ ಮೇಲೇ ದೂರು ಕೊಟ್ಟ. ಕೊಡಲಿ. ಅಷ್ಟರಲ್ಲಿ ಅವನ ತಾಯಿ ಪುಟ್ಟತಾಯಮ್ಮ ಬಂದು ಸೊಸೆಯ ಪಕ್ಕ ಕೂತು ಅವಳ ಗಲ್ಲ ಹಿಡಿದುಕೊಂಡರು.

"ಗಂಡ ಹೆಂಡ್ತಿ ಜಗ್ಳ ಉಂಡು ಮಲ್ಗೋಗಂಟ ಕಣವ್ವ. ಮನೆ ಮಾತ್ನ ಸ್ಟೇಸನ್ಗೆ ತರಬ್ಯಾಡ. ಎದ್ದೇಳು, ಹೋಗಮ."

ಕುಸುಮ ಊದಿದ ಮೂಗಿನ ಮೇಲೆ ಬಟ್ಟೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಎಸ್ಐ ಚಾಮುಂಡೇಶ್ವರಿ ಏನಮ್ಮ ನಿನ್ನ ತೀರ್ಮಾನ ಎಂದು ಕೇಳಿದ್ದಕ್ಕೆ, "ಬುದ್ಧಿ ಹೇಳಿ ಕಳ್ಸಿ ಮೇಡಂ, ಸಾಕು" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅವಳು ಆ ಮನೆಗೆ ಹಿಂತಿರುಗಿದರೆ ಮುಂದಿನ ಸಲ ಮುರಿಯುವುದು ಕೈಯಲ್ಲ, ಕುತ್ತಿಗೆ. ಮಹದೇವು ಧೈರ್ಯವಾಗಿ, "ಮನೇಲಿ ಜಾರಿ ಬಿದ್ಲು ಮೇಡಂ. ನಾನ್ ಮುರ್ದೆ ಅನ್ನಕ್ಕೆ ಏನೈತೆ ಸಾಕ್ಷಿ?" ಎಂದ. ಲ್ಯಾಪ್‌ಟಾಪನ್ನು ಪುಡಿ ಮಾಡಿ ಬಂದವನಲ್ಲವೇ.

ನಾನು ಪೆನ್ ಡ್ರೈವ್ ಮೇಜಿನ ಮೇಲಿಟ್ಟೆ. ಅವನ ಮುಖದ ಬಣ್ಣ ಇಳಿಯಿತು.

ಠಾಣೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಸಿದೆ. ಬಾಗಿಲು, ಏಟು, ಕಿರುಚಾಟ, ಮೂಳೆ. ಎಸ್ಐ ನಿಲ್ಲಿಸಲು ಕೈ ಚಾಚಿದರು. "ಸಾಕು ಬುಡಮ್ಮ, ಗೊತ್ತಾಯ್ತು."

"ಬೇಡ ಮೇಡಂ," ಎಂದಳು ಕುಸುಮ. "ಕೊನೆವರ್ಗೂ ಕೇಳ್ಬೇಕು."

ಅಳು ಕೇಳಿಸಿತು. ತಪ್ಪಾಯ್ತು, ಇನ್ಮೇಲೆ ಹೋಗಲ್ಲ ಎಂಬ ಅವಳ ಬೇಡಿಕೆ ಕೇಳಿಸಿತು. ಆಮೇಲೆ ಮಹದೇವುವಿನ ಧ್ವನಿ, ಏನೂ ಆಗದವನಂತೆ: "ಅನ್ನ ಬಡ್ಸು." ತಟ್ಟೆ ಕೆಳಗೆ ಬಿದ್ದು ಉರುಳಿತು. ಎಡಗೈಯಲ್ಲಿ ಎತ್ತಿರಬೇಕು. ಪಾತ್ರೆಗೆ ಸೌಟು ತಗುಲಿದ ಸದ್ದು. ಅವನು ಸೊರ್ರೆಂದು ಸಾರನ್ನ ಉಣ್ಣುವ ಸದ್ದು. ತುಂಬ ಹೊತ್ತಿನ ಮೇಲೆ ಕುಸುಮಳ ಧ್ವನಿ, ಬಿಕ್ಕುಗಳ ನಡುವೆ, ಬಲು ಮೆತ್ತಗೆ:

"ಮೊಸರು ಹಾಕ್ಲಾ?"

ಅಲ್ಲಿಗೆ ಬ್ಯಾಟರಿ ಮುಗಿದಿತ್ತು.

ಕುಸುಮ ನನ್ನ ಕಡೆ ತಿರುಗಿದಳು. ವೇದಿಕೆಯ ಮೇಲೆ ರಕ್ತ ಸುರಿದಾಗಲೂ ಇಲ್ಲದ ಕಳವಳ ಅವಳ ಕಣ್ಣಲ್ಲಿತ್ತು. "ಮೊಸರು ಹಾಕ್ಲಾ ಅಂತ ಕೇಳಿದ್ನಾ ಮೇಡಂ ನಾನು? ಕೈ ಮುರ್ದವನ್ಗೆ?"

ಪುಟ್ಟತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವರ ಇನ್ನೊಂದು ಕೈ ಸೊಸೆಯ ತೊಡೆಯ ಮೇಲೆ ಹಾಗೇ ಇತ್ತು. ಕುಸುಮ ಅದನ್ನು ಎತ್ತಿ ಅವರ ಮಡಿಲಲ್ಲೇ ಇಟ್ಟು, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಬರ್ಕೊಳ್ಳಿ ಮೇಡಂ," ಎಂದಳು ಎಸ್ಐಗೆ. "ಬೆಲ್ಟಿಂದ ಶುರು ಮಾಡ್ತೀನಿ."