ಒಂದನೇ ತಾರೀಖೋ ಎರಡನೆಯದೋ

ಕೋವಿಡ್ ಕಾಲದಲ್ಲಿ ಸರ್ಕಾರ ಕಳಿಸಿದ ಪರಿಹಾರದ ಚೆಕ್ಕು ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿಗೂ ಬಂತು. ವೀಸಾದ ಮೇಲಿದ್ದ ನಮ್ಮಂಥವರಿಗೂ ಅದು ಸಲ್ಲುತ್ತಿತ್ತು. ಆದರೆ ಹಿಂದಿನ ವರ್ಷ, ಅಂದರೆ ನಾವು ಬಂದಿಳಿದ ವರ್ಷದಲ್ಲಿ, ಕನಿಷ್ಠ ನೂರ ಎಂಬತ್ತಮೂರು ದಿನ ಇಲ್ಲಿ ಇದ್ದಿರಬೇಕಿತ್ತು. ಜುಲೈ ಒಂದಕ್ಕೆ ಬಂದೆವೆಂದು ತೆರಿಗೆಯವರಿಗೆ ಬರೆದುಕೊಟ್ಟಿದ್ದೆವು.

ಆ ತಾರೀಖು ಕೊಟ್ಟವಳು ನಾನೇ. ಗ್ಯಾಸ್ ಬಂದ ದಿನ, ಮುಟ್ಟಿನ ದಿನ, ಊರಿಗೆ ಹೋದ ದಿನ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನನ್ನ ರೂಢಿ. ಇಲ್ಲಿನ ಗಡಿಯಾರ ಹಿಂದಿರುವುದರಿಂದ ಬೆಂಗಳೂರಿನಿಂದ ಹೊರಟ ತಾರೀಖಿಗೇ ಸಿಯಾಟಲ್‌ನಲ್ಲಿ ಇಳಿಯುತ್ತೇವಲ್ಲ, "ಹೊರಟೆವು" ಎಂದು ಬರೆದಿದ್ದ ದಿನವನ್ನೇ ಕೊಟ್ಟಿದ್ದೆ.

ಚೆಕ್ಕು ಬಂದ ಮಧ್ಯಾಹ್ನವೇ, ಗ್ರೀನ್ ಕಾರ್ಡ್ ಅರ್ಜಿಗೆಂದು, ಇವರು ಇಮಿಗ್ರೇಷನ್ ವೆಬ್‌ಸೈಟಿನಲ್ಲಿ ನಾವು ಬಂದಿಳಿದ ದಾಖಲೆ ತೆಗೆದರು.

"ಲೇ, ಇಲ್ಲಿ ಜುಲೈ ಎರಡು ಅಂತಿದೆ. ಫ್ಲೈಟ್ ಎಷ್ಟೊತ್ತಿಗಿತ್ತು?"

"ಬೆಳಗಿನ ಜಾವ ನಾಲ್ಕಕ್ಕೆ. ಮನೆ ಬಿಟ್ಟಿದ್ದು ರಾತ್ರಿ ಹನ್ನೆರಡೂವರೆಗೆ."

"ಮತ್ತೆ ಒಂದು ಅಂತ ಯಾಕೆ ಬರೆದೆ?"

"ಎರಡನೇ ತಾರೀಖು ಅಮಾವಾಸ್ಯೆ ಕಣ್ರೀ. ಸೂರ್ಯ ಹುಟ್ಟೋಕ್ ಮುಂಚೆ ಹೊರಟ್ರೆ ಹಿಂದಿನ ದಿನಾನೇ ಲೆಕ್ಕ ಅಂತ ನಿಮ್ಮಮ್ಮ ಹೇಳಿರ್ಲಿಲ್ವಾ?"

"ಸರಿ, ಅಮೆರಿಕಾ ಸರ್ಕಾರಕ್ಕೆ ಪಂಚಾಂಗ ತೋರಿಸು."

ಅಂದವರೇ ಫೋನಿನಲ್ಲಿ ಡಿಸೆಂಬರ್ ಮೂವತ್ತೊಂದರಿಂದ ಜುಲೈ ಎರಡನ್ನು ಕಳೆದರು. ನೂರ ಎಂಬತ್ತೆರಡು. "ಒಂದು ದಿನ ಕಮ್ಮಿ. ಚೆಕ್ ವಾಪಸ್ ಕಳಿಸಬೇಕು. ಸುಳ್ಳು ಬರೆದಿದಾರೆ ಅಂತ ಗ್ರೀನ್ ಕಾರ್ಡಿಗೇ ಕಲ್ಲು ಬೀಳತ್ತೆ."

ನಾನು ಬೆರಳ ಗೆಣ್ಣು ಹಿಡಿದು ತಿಂಗಳು ತಿಂಗಳಾಗಿ ಎಣಿಸಿದೆ. ಜುಲೈಯಲ್ಲಿ ಮೂವತ್ತು, ಆಗಸ್ಟಿನಲ್ಲಿ ಮೂವತ್ತೊಂದು... ನೂರ ಎಂಬತ್ತಮೂರು ಬಂತು.

"ನೀವು ಬಂದ ದಿನಾನ ಬಿಟ್ರಿ. ಹನ್ನೊಂದನೇ ದಿನ ಮಗೂಗೆ ಹೆಸರಿಡುವಾಗ ಹುಟ್ಟಿದ ದಿನಾನೂ ಸೇರಿಸಲ್ವಾ?"

"ಇದೇನು ನಾಮಕರಣಾನಾ?" ಎಂದು ಗೊಣಗುತ್ತಲೇ ತೆರಿಗೆ ನಿಯಮವನ್ನು ಎರಡು ಸಲ ಓದಿದರು. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದೇ ಇತ್ತು.

ತಾರೀಖು ತಪ್ಪಿ ಬರೆದೆವೆಂದು ತಿದ್ದುಪಡಿ ಪತ್ರ ಹೋಗಿ ಮುಟ್ಟುವವರೆಗೂ ಚೆಕ್ಕು ಮೆಂತ್ಯದ ಡಬ್ಬಿಯ ಕೆಳಗೇ ಇತ್ತು. "ಅಮ್ಮನ ಹತ್ರ ಈ ವಿಷಯ ಎತ್ತಬೇಡ," ಎಂದರು ಇವರು. ಅಮಾವಾಸ್ಯೆಯ ದಿನ ಹೊರಟದ್ದು ಸರ್ಕಾರದಲ್ಲೇ ದಾಖಲಾಗಿದೆ ಎಂದು ಅತ್ತೆಗೆ ಹೇಳುವ ಧೈರ್ಯ ನನಗೂ ಇರಲಿಲ್ಲ.

ಆಮೇಲೆ ಚೆಕ್ಕು ಬ್ಯಾಂಕಿಗೆ ಹೋಯಿತು. ಆದರೆ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಟಪಾಲಿನಲ್ಲಿ ಸರ್ಕಾರದ ಲಕೋಟೆ ಕಂಡರೆ ಈಗಲೂ ಒಡೆಯುವ ಮುಂಚೆ, ಮೆಟ್ಟಿಲ ಮೇಲೆ ನಿಂತು, ಜುಲೈ ಎರಡರಿಂದ ಒಮ್ಮೆ ಎಣಿಸಿಕೊಳ್ಳುತ್ತೇನೆ.