ಅವ್ವನ ಹಿಂದೆ ಹಾಡಿದ್ದು

ನನ್ನನ್ನು ಸಭೆಗೆ ಪರಿಚಯ ಮಾಡಿಕೊಡುವವರು ಎರಡು ಮಾತನ್ನು ತಪ್ಪದೆ ಹೇಳುತ್ತಾರೆ. ಯಾರೂ ಹಾಡದೆ ಬಿಟ್ಟಿದ್ದ ಹಳೆಯ ಸುಳಾದಿ, ಪ್ರಬಂಧದಂಥ ರಚನೆಗಳನ್ನು ಮತ್ತೆ ಸಂಗೀತ ಕಚೇರಿಗೆ ತಂದವರು ಎನ್ನುವುದು ಒಂದು. ಈ ಕಾಲದ ಹೊಸ ಸಂಗೀತ ಸಂಯೋಜಕರ ಜೊತೆಗೂ ಅಷ್ಟೇ ಲೀಲಾಜಾಲವಾಗಿ ಹಾಡುವವರು ಎನ್ನುವುದು ಇನ್ನೊಂದು. ಆ ಹಳೆಯದಕ್ಕೂ ಈ ಹೊಸದಕ್ಕೂ ನಡುವೆ ನಮ್ಮವ್ವ ಒಬ್ಬಳು ಕೂತಿದ್ದಾಳೆ ಅಂತ ಅವರಿಗೇನು ಗೊತ್ತು. ನಾನೂ ಹೇಳಲು ಹೋಗಿಲ್ಲ.

ನಮ್ಮ ಮನೆ ಇದ್ದದ್ದು ಭಾರತೀನಗರದಲ್ಲಿ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವ್ವ ಚಿಕ್ಕರಸಿನಕೆರೆ ಕಡೆಯವಳು. ಸುತ್ತ ಯಾವ ಊರಿನಲ್ಲಿ ಮದುವೆಯಾದರೂ ಸೋಬಾನೆ ಹಾಡಲು ಅವ್ವನನ್ನೂ ದೊಡ್ಡವ್ವನನ್ನೂ ಕರೆಯುತ್ತಿದ್ದರು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅವ್ವ ಮುಂದೆ ಒಂದು ಸಾಲು ಹೇಳುವಳು, ದೊಡ್ಡವ್ವ ಹಿಂದಿನಿಂದ ಅದನ್ನೇ ಹಾಗೆಯೇ ತಿರುಗಿ ಹೇಳುವಳು. ಅಷ್ಟರಲ್ಲಿ ಅವ್ವನಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತಿತ್ತು, ಮುಂದಿನ ಸಾಲು ಬಾಯಿಗೆ ಬರುತ್ತಿತ್ತು. ಮದುವಣಗಿತ್ತಿಗೆ ಅರಿಸಿನ ಹಚ್ಚಿ ಮುಗಿಯುವವರೆಗೂ ಇಬ್ಬರೂ ನಿಲ್ಲಿಸುತ್ತಿರಲಿಲ್ಲ.

ನಾನು ಕಲಿತದ್ದು ಮಂಡ್ಯದಲ್ಲಿ, ಒಬ್ಬ ವಯಸ್ಸಾದ ಗುರುಗಳ ಹತ್ತಿರ. ಭಾನುವಾರ ಬಂತೆಂದರೆ ಬಸ್ಸು ಹತ್ತುವುದು, ಕಲಿತದ್ದನ್ನು ವಾರವೆಲ್ಲ ಮನೆಯಲ್ಲಿ ತಿದ್ದುವುದು. ಒಂದೇ ಸಾಲನ್ನು ಎಳೆದು, ಬಳುಕಿಸಿ, ಒಂದೊಂದು ಸಂಗತಿಯಾಗಿ ಬೆಳೆಸಿಕೊಂಡು ಹೋಗಬೇಕು ಎನ್ನುವುದು ಗುರುಗಳ ಪಾಠ. ಅವ್ವ ರಾಗಿ ಬೀಸುತ್ತಲೋ ಕಾಳು ಹಸನು ಮಾಡುತ್ತಲೋ ಕೇಳಿಸಿಕೊಂಡಿದ್ದು, ತಡೆಯಲಾರದೆ ಒಂದು ದಿನ ಅಂದಳು:

“ಅದ್ಯಾಕಮ್ಮಿ ಒಂದೇ ಮಾತ್ನ ಅಷ್ಟೊತ್ತು ಅಗೀತೀಯ? ನುಂಗ್ಬುಡು ಅತ್ಲಾಗೆ.”

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಗಿಲು ಹಾಕಿಕೊಂಡು ಇನ್ನಷ್ಟು ಜೋರಾಗಿ ಅಗಿದೆ. ಆ ಅಗಿಯುವಿಕೆಯೇ ನನಗೆ ಅನ್ನ ಹಾಕಿದ್ದು, ಹೆಸರು ಕೊಟ್ಟದ್ದು. ಅದರ ಮೇಲೆ ನನಗೇನೂ ದೂರಿಲ್ಲ.

ದೊಡ್ಡವ್ವ ತೀರಿಕೊಂಡ ಮೇಲೆ ಅವ್ವ ಹಾಡುವುದನ್ನು ನಿಲ್ಲಿಸಿಬಿಟ್ಟಳು. ಕರೆಯಲು ಬಂದವರಿಗೆಲ್ಲ, “ಹಿಂದೆ ಯೋಳೋರಿಲ್ದೆ ನಾ ಎಂಗವ್ವ ಯೋಳ್ಲಿ?” ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅದೇ ದಿನಗಳಲ್ಲಿ ನಾನು ಒಬ್ಬ ಸಂಯೋಜಕರ ಹೊಸ ಕೃತಿಗೆ ಹಾಡುತ್ತಿದ್ದೆ. ಪಿಟೀಲು, ಸೆಲ್ಲೋಗಳ ನಡುವೆ ನನ್ನದೊಂದು ಕಂಠ. ಅಭ್ಯಾಸದ ನಡುವೆ ಟೀ ಕುಡಿಯುತ್ತ ಏನನ್ನೋ ಗುನುಗುತ್ತಿದ್ದೆನಂತೆ. ಅವರು ಕಿವಿಗೊಟ್ಟು ಕೇಳಿ, ಇದು ಯಾವುದು, ಇದೇ ಬೇಕು ಅಂದರು. ಅದು ಅವ್ವನ ಅರಿಸಿನದ ಹಾಡಿನ ಧಾಟಿ. ಪೂರ್ತಿ ಬರುತ್ತಿರಲಿಲ್ಲವಾದ್ದರಿಂದ ಕಲಿಯಲು ಊರಿಗೆ ಹೋದೆ.

“ನೀ ಹಿಂದೆ ಯೋಳೋದಾದ್ರೆ ಯೋಳ್ತೀನಿ” ಅಂದಳು ಅವ್ವ. ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಲು ಬಿಡಲಿಲ್ಲ. ಎದುರಿಗೆ ಒಂದು ಮದುವಣಗಿತ್ತಿ ಕೂಡ ಇಲ್ಲ, ಇದರ ಮುಂದೆ ಹಾಡುವುದೇ, ಎತ್ತಿಡು ಅಂದಳು. ಎತ್ತಿಟ್ಟೆ. ಇಬ್ಬರೂ ನಡುಮನೆಯಲ್ಲಿ ಚಾಪೆಯ ಮೇಲೆ ಕೂತೆವು. ಅವಳು ಮೊದಲ ಸಾಲು ಹೇಳಿದಳು, ನಾನು ತಿರುಗಿ ಹೇಳಿದೆ. ಅವ್ವ ನಿಲ್ಲಿಸಿದಳು.

“ನಾ ಕೊಟ್ಟಿದ್ದು ಇದಲ್ಲ. ಕೊಟ್ಟಂಗೇ ಕೊಡು. ನೀ ಅದುಕ್ಕೆ ಒಡವೆ ಎಲ್ಲ ಹಾಕ್ಬುಟ್ಟು ವಾಪಸ್ ಕೊಟ್ರೆ ನಾ ಮುಂದುಕ್ಕೆ ಎಂಗೋಗ್ಲಿ?”

ನಿಜ, ನನಗೇ ತಿಳಿಯದಂತೆ ಕೊನೆಯಲ್ಲಿ ಒಂದು ಗಮಕದ ಬಳುಕು ಸೇರಿಬಿಡುತ್ತಿತ್ತು. ಇಷ್ಟು ವರ್ಷ ಹಾಡಿ, ಬಂದದ್ದನ್ನು ಬಂದಂತೆ ತಿರುಗಿ ಕೊಡಲು ನನ್ನ ಗಂಟಲಿಗೆ ಬರುತ್ತಿರಲಿಲ್ಲ. ಅವ್ವ ಬೈದಳು, ನಾನೂ ರೇಗಿದೆ, ಒಮ್ಮೆ ಎದ್ದು ಹಿತ್ತಿಲಿಗೂ ಹೋದೆ. ಆಮೇಲೆ ಎರಡು ಮೂರು ಸಲ ಊರಿಗೆ ಹೋದ ಮೇಲೆ ನನ್ನ ಸಾಲು ಅವಳ ಸಾಲಿನ ಪಕ್ಕದಲ್ಲಿ ತೆಪ್ಪಗೆ ಕೂತಿತು. ಅವ್ವ ಕಣ್ಣು ಮುಚ್ಚಿಕೊಂಡು ಸಾಲಿನ ಮೇಲೆ ಸಾಲು ಕೊಡುತ್ತ ಹೋದಳು, ನಾನು ಈಸಿಕೊಳ್ಳುತ್ತ ಹೋದೆ. ನನ್ನ ಯಾವ ಕಚೇರಿಯಲ್ಲೂ ಅಷ್ಟು ಸುಖಪಟ್ಟಿಲ್ಲ.

ಆ ಹೊಸ ಕೃತಿಯಲ್ಲಿ ಮಾತಿಗೆ ಜಾಗವಿರಲಿಲ್ಲ. ಅವ್ವನ ಧಾಟಿಯನ್ನು ನಾನು ಬರೀ ಆಕಾರದಲ್ಲಿ, ‘ಆ’ ಎನ್ನುತ್ತಲೇ ಹಾಡಿದೆ. ಬೇರೆ ಬೇರೆ ದೇಶಗಳಲ್ಲಿ ಹಾಡಿದೆ. ಭಾಷೆ ಬಾರದವರು ಕಣ್ಣು ಒರೆಸಿಕೊಂಡರು. ಊರಿಗೆ ಬಂದಾಗ ಅವ್ವನಿಗೆ ವಿಡಿಯೋ ತೋರಿಸಿದೆ. ಕೊನೆಯವರೆಗೂ ನೋಡಿ, “ಮಾತೆಲ್ಲೋಯ್ತು?” ಅಂದಳು.

“ಈಗಿನ ಸಂಗೀತಕ್ಕೆ ಮಾತು ಬ್ಯಾಡ ಕಣವ್ವ.”

“ಮಾತಿಲ್ದೆ ಯಾರ್ಗೆ ಮದ್ವೆ ಮಾಡ್ತೀರಾ?” ಎಂದು ನಕ್ಕಳು. ನಾನೂ ನಕ್ಕೆ.

ಅವ್ವನಿಗೆ ಮರೆವು ಶುರುವಾದದ್ದು ಆಮೇಲೆ. ಅಣ್ಣ ಅವಳನ್ನು ಮದ್ದೂರಿನ ತನ್ನ ಮನೆಗೆ ಕರೆದುಕೊಂಡು ಹೋದ. ಉಂಡದ್ದು ಮರೆಯುತ್ತಿದ್ದಳು, ಮತ್ತೆ ತಟ್ಟೆ ಹಿಡಿದು ಕೂರುತ್ತಿದ್ದಳು. ಅಪ್ಪ ತೀರಿಕೊಂಡಿದ್ದನ್ನೂ ಮರೆತು, ಕಾರ್ಖಾನೆಯಿಂದ ಇನ್ನೂ ಯಾಕೆ ಬರಲಿಲ್ಲ ಎಂದು ಬಾಗಿಲಿಗೆ ಹೋಗಿ ನೋಡುತ್ತಿದ್ದಳು. ಅಷ್ಟರಲ್ಲಿ ಅಣ್ಣನ ಮಗಳಿಗೆ ಮಳವಳ್ಳಿಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಇದೊಂದನ್ನು ಮಾತ್ರ ಅವ್ವ ಮರೆಯಲಿಲ್ಲ. ಮೊಮ್ಮಗಳ ಅರಿಸಿನಕ್ಕೆ ತಾನೇ ಹಾಡಬೇಕು ಎಂದು ಹಟ ಹಿಡಿದಳು. ಹೇಳಲು ಕೂತರೆ ಎರಡು ಸಾಲು ಬರುವುದು, ಆಮೇಲೆ ತುಟಿ ಮಾತ್ರ ಅಲ್ಲಾಡುವುದು. ತೊಡೆಯ ಮೇಲೆ ಗುದ್ದಿಕೊಂಡು ಅಳುತ್ತಿದ್ದಳು. ನಾನು ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡಳು.

“ಈ ಸಲ ನೀ ಮುಂದೆ ಯೋಳಮ್ಮಿ. ನೀ ಕೊಟ್ಟಂಗೇ ನಾ ಈಸ್ಕತ್ತೀನಿ. ಗಂಟ್ಲು ಚೆನ್ನಾಗೇ ಅದೆ ನಂಗೆ.”

ಆಯಿತು ಅಂದೆ. ಅದೇನು ಮಹಾ ಅಂದುಕೊಂಡೆ. ಆ ರಾತ್ರಿಯೇ ಹಾಡನ್ನು ಜ್ಞಾಪಿಸಿಕೊಳ್ಳಲು ಕೂತೆ. ಧಾಟಿ ಕೊನೆಯ ತಿರುವಿನವರೆಗೂ ಕಿವಿಯಲ್ಲೇ ಇತ್ತು. ಎಲ್ಲಿ ನಿಷಾದ ಮುಟ್ಟುತ್ತದೆ, ಎಲ್ಲಿ ರಿಷಭಕ್ಕೆ ಇಳಿಯುತ್ತದೆ, ಎಲ್ಲ. ಮಾತು ಮಾತ್ರ ಎರಡು ಸಾಲಿನ ಆಚೆಗೆ ಇರಲಿಲ್ಲ. ಇರುವುದಾದರೂ ಹೇಗೆ? ಹಿಂದೆ ಹೇಳುವವಳಿಗೆ ಮಾತು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ, ಮುಂದಿನವಳು ಆ ಗಳಿಗೆಯಲ್ಲೇ ಕಿವಿಗೆ ಹಾಕಿರುತ್ತಾಳೆ. ನನ್ನ ಮನಸ್ಸೆಲ್ಲ ಸ್ವರ ಹೆಕ್ಕುವುದರಲ್ಲಿ ಇತ್ತು. ಅಷ್ಟೊಂದು ಸಾಲುಗಳು ನನ್ನ ಕಿವಿಗೆ ಬಂದು ನನ್ನ ಬಾಯಿಂದಲೇ ಹೊರಟುಹೋಗಿದ್ದವು.

ಚಿಕ್ಕರಸಿನಕೆರೆಗೆ ಹೋಗಿ ನೆಂಟರನ್ನು ಕೇಳಿದೆ. ದೊಡ್ಡವ್ವನ ಸೊಸೆಯನ್ನು ಕೇಳಿದೆ. ಎಲ್ಲರಿಗೂ ಅವ್ವ ಹಾಡಿದ್ದು ನೆನಪಿತ್ತು, ಹಾಡು ನೆನಪಿರಲಿಲ್ಲ. “ಯಾವ್ದೋ ಒಂದು ಕಟ್ಬುಡಿ, ಅತ್ತೆಗೇನ್ ಗೊತ್ತಾಯ್ತದೆ” ಅಂದರು ಅತ್ತಿಗೆ, ಅಣ್ಣನ ಹೆಂಡತಿ. ಕೆಟ್ಟ ಮಾತೇನಲ್ಲ. ಕೂತು ಕಟ್ಟಿದೆ.

ಮದ್ದೂರಿನ ಕಲ್ಯಾಣ ಮಂಟಪದಲ್ಲಿ ಅರಿಸಿನ. ಗಂಡಿನ ಕಡೆಯವರೂ ಬಂದಿದ್ದರು. ಅವ್ವ ಹೊಸ ಸೀರೆ ಉಟ್ಟು ಮೊಮ್ಮಗಳ ಪಕ್ಕದಲ್ಲಿ ಕೂತಿದ್ದಳು. ನಾನು ಶುರು ಮಾಡಿದೆ.

“ಅರಿಸಿನ ಹಚ್ಚುವಾಗ ಅಳಬ್ಯಾಡ ನನ ಮಗಳೆ.”

ಅವ್ವ ಅದನ್ನು ಎತ್ತಿಕೊಂಡಳು. ಎಂಥಾ ಗಂಟಲು ಅದು, ಮಂಟಪದಲ್ಲಿ ಮಾತಾಡುತ್ತಿದ್ದವರೆಲ್ಲ ತಿರುಗಿದರು. ಮೊಮ್ಮಗಳು ಅರಿಸಿನದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅಜ್ಜಿಯನ್ನು ನೋಡುತ್ತಿದ್ದಳು. ಎರಡನೆಯ ಸಾಲು ಕೊಟ್ಟೆ.

“ಅತ್ತಾರೆ ಕೆನ್ನೇಲಿ ನಿಲ್ಲೋದಿಲ್ಲ.”

ಅದನ್ನೂ ಕೊಟ್ಟಂತೆಯೇ ತಿರುಗಿ ಕೊಟ್ಟಳು. ಮೂರನೆಯದು ನಾನು ಕಟ್ಟಿದ ಸಾಲು. ಹೇಳಿದೆ. ಅವ್ವ ಹೇಳಲಿಲ್ಲ. ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದಳು.

“ಅದು ನಮ್ದಲ್ಲ” ಅಂದಳು. ಸಿಟ್ಟಿಲ್ಲದೆ, ಯಾರದೋ ಪಾತ್ರೆ ತಪ್ಪಿ ನಮ್ಮ ಮನೆಗೆ ಬಂದಿದೆ ಎನ್ನುವ ಹಾಗೆ. ಆಮೇಲೆ, “ಊಂ, ಮುಂದುಕ್ಕೆ ಯೋಳು” ಎಂದು ಬಾಯಿ ಅರೆ ತೆರೆದುಕೊಂಡು ಕಾದಳು.

ಹೆಂಗಸರು ಕಾಯುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ. ಆಕಾರದಲ್ಲಿ ಹಾಡಿದೆ. ಎಲ್ಲೂ ಒಂದು ಗಮಕ ಸೇರಿಸದೆ, ಅವ್ವ ಚಾಪೆಯ ಮೇಲೆ ಕೂತು ಕೊಟ್ಟಂತೆಯೇ, ಕೊನೆಯವರೆಗೂ ಹಾಡಿದೆ. ಪ್ರತಿ ಸಾಲಿನ ಕೊನೆಗೂ ಅವಳಿಗಾಗಿ ನಿಂತೆ. ಅವ್ವನ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವನೂ ಅವರ ಜೊತೆ ತಟ್ಟಿ, ಅತ್ತಿಗೆಯ ಕಡೆಗೆ ಬಾಗಿದಳು.

“ಚೆನ್ನಾಗ್ ಹಾಡ್ತಾರೆ ಕಣವ್ವ. ಯಾರವ್ವ ಇವ್ರು, ಗಂಡಿನ ಕಡೆಯೋರಾ?”

ಅತ್ತಿಗೆ ನನ್ನ ಕಡೆ ನೋಡಿದರು. ಹೌದು, ಗಂಡಿನ ಕಡೆಯವಳು ಎಂದು ನಾನೇ ಅಂದೆ.