ಎಡಗೈಲೆ ಕೊಟ್ಟ ಕತ್ತರಿ

ಸರ್ಜರಿ ಕಲಿಯಲು ಸೇರಿದ ವರ್ಷ ನಾನು ಒಬ್ಬ ರಬ್ಬರ್ ಮನುಷ್ಯನನ್ನು ಐದು ಸಲ ಕೊಂದೆ.

ಹೊಸಬರು ರೋಗಿಯ ಹೊಟ್ಟೆ ಮುಟ್ಟುವ ಮೊದಲು ಈ ರಬ್ಬರ್ ಹೊಟ್ಟೆಯ ಮೇಲೆ ಕೈ ಪಳಗಿಸಿಕೊಳ್ಳಬೇಕಿತ್ತು. ಒಳಗೊಂದು ಸಣ್ಣ ಪಂಪು, ತೂತಾದ ಒಂದು ನಳಿಗೆ. ರಕ್ತದ ಬದಲು ಗುಲಾಬಿ ಶರಬತ್ತು. ಮೇಜಿನ ಕಾಲಿಗೆಲ್ಲ ಇರುವೆ. ನಾವು ನಳಿಗೆ ಕಟ್ಟುವುದರೊಳಗೆ ಶರಬತ್ತು ಕೆಳಗಿನ ಬೋಗುಣಿಯ ಗೆರೆ ಮುಟ್ಟಿದರೆ ಮನುಷ್ಯ ಸತ್ತಂತೆ. ಸತತ ಮೂರು ಸಲ ಉಳಿಸಿದವರಿಗೆ ಮಾತ್ರ ನಿಜವಾದ ಆಪರೇಷನ್ನಿನಲ್ಲಿ ಕತ್ತರಿ ಕೊಡುವುದು ನಮ್ಮ ಸರ್ ಮಾಡಿದ ನಿಯಮ. ಜೊತೆಯವರೆಲ್ಲ ದಾಟಿಹೋದರು, ನಾನೊಬ್ಬಳೇ ಉಳಿದೆ.

ನಾನು ಎಡಚಿ. ಎಡಗೈ ಚುರುಕು, ಅದು ಬೇಡ ಎಂದು ಸರ್ ಎಂದೂ ಅಂದವರಲ್ಲ. ಆದರೂ ಆ ಪುಣ್ಯಾತ್ಮ ಸಾಯುತ್ತಲೇ ಇದ್ದ. ಪಂಪನ್ನು ಬೈದೆ, ಶರಬತ್ತನ್ನು ಬೈದೆ, ಇರುವೆಗಳನ್ನೂ ಬಿಡಲಿಲ್ಲ.

ಐದನೇ ಸಾವಿನ ಮರುದಿನ ಸರ್ ನನ್ನ ಅಭ್ಯಾಸದ ವಿಡಿಯೋ ಹಾಕಿ ತೋರಿಸಿದರು. ಅದರಲ್ಲಿ ನನ್ನ ಎರಡು ಕೈಗಳಷ್ಟೇ ಕಾಣುತ್ತಿದ್ದವು. ಬಲಗೈ ಬೆರಳು ತೂತನ್ನು ಒತ್ತಿ ಹಿಡಿದಿದೆ. ಎಡಗೈ ಕತ್ತರಿ ಆಡಿಸುತ್ತಿದೆ. ಎಲ್ಲ ಸರಿ. ಕತ್ತರಿಯನ್ನು ಎದುರಿಗೆ ಟ್ರೇ ಹಿಡಿದು ನಿಂತ ಸಿಸ್ಟರಿಗೆ ಹಿಂತಿರುಗಿಸುವಾಗ ಮಾತ್ರ ಬಲಗೈ ತೂತು ಬಿಟ್ಟು ಎದ್ದು ಬರುತ್ತದೆ, ಎಡಗೈಯಿಂದ ಕತ್ತರಿ ಇಸಿದುಕೊಳ್ಳುತ್ತದೆ, ಮರ್ಯಾದೆಯಿಂದ ಕೊಡುತ್ತದೆ. ಅಷ್ಟರಲ್ಲಿ ಶರಬತ್ತು ಚಿಮ್ಮುತ್ತದೆ. ಪ್ರತಿ ಸಲವೂ ಅದೇ.

“ಇದೇನ್ರಿ ಡಾಕ್ಟ್ರೇ?” ಅಂದರು ಸರ್.

ಸಿಸ್ಟರ್ ಆಳಂದ ಕಡೆಯವರು, ನನ್ನ ತಾಯಿಯ ವಯಸ್ಸಿನವರು. ನನ್ನ ಪರವಾಗಿ ಅವರೇ ಹೇಳಿದರು: “ದೊಡ್ಡವರಿಗೆ ಎಡಗೈಲೆ ಹ್ಯಾಂಗ ಕೊಡ್ತಾರ್ರಿ ಸರ್? ಮನ್ಯಾಗ ಛಲೋ ತಾಲೀಮ್ ಆಗೈತಿ.”

“ತಾಲೀಮ್ ಛಲೋ ಐತ್ರಿ, ಮನುಷ್ಯಾ ಸತ್ತ,” ಅಂದರು ಸರ್. “ಸೋಮವಾರ ಕಡೀ ಅವಕಾಶ, ಮೂರೂ ಸಲ ಉಳೀಬೇಕು. ಆಗ್ಲಿಲ್ಲಂದ್ರ ಈ ವರ್ಷ ನೀವು ಕತ್ತರಿ ಹಿಡಿಯಂಗಿಲ್ಲ.”

ಆ ತಾಲೀಮು ಕೊಟ್ಟವಳು ಅಫಜಲಪುರದಲ್ಲಿದ್ದ ನಮ್ಮ ಆಯಿ, ಅಪ್ಪನ ತಾಯಿ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಹಳೆ ಸೀರೆಯ ಅಂಚಿನಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ನಾನು ಅತ್ತರೆ ತಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಗಂಟು ಮಾತ್ರ ಬಿಚ್ಚುತ್ತಿರಲಿಲ್ಲ. ಅವಳ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು.

ಶನಿವಾರದ ಬಸ್ಸು ಹಿಡಿದು ಊರಿಗೆ ಹೋದೆ. ಗ್ಲೂಕೋಸ್ ಬಾಟಲಿಗೆ ನೀರು ತುಂಬಿ ಗೋಡೆಯ ಮೊಳೆಗೆ ತೂಗುಹಾಕಿ, ಅದರ ನಳಿಗೆಗೆ ತೂತು ಮಾಡಿ, ಕೆಳಗೆ ಪರಾತ ಇಟ್ಟೆ. ಆಯಿಯನ್ನು ಎದುರಿಗೆ ಕೂರಿಸಿ ಕತ್ತರಿ, ಇಕ್ಕಳ, ಚಮಚ ಅವಳ ವಶಕ್ಕೆ ಕೊಟ್ಟೆ. ಕೇಳಿದ್ದನ್ನು ಕೊಡಬೇಕು, ಕೊಟ್ಟದ್ದನ್ನು ಇಸಿದುಕೊಳ್ಳಬೇಕು, ಅಷ್ಟೇ ಅವಳ ಕೆಲಸ. ಅವಳಿಗೇ ಎಡಗೈಯಿಂದ ಕೊಟ್ಟೆನೆಂದರೆ ಜಗತ್ತಿನಲ್ಲಿ ಯಾರಿಗಾದರೂ ಕೊಡಬಲ್ಲೆ ಎಂಬ ಹಟ ನನ್ನದು.

ಕತ್ತರಿ ಚಾಚಿದೆ. ಆಯಿ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬಲಗೈಲೆ ಕೊಡು ಬೇ. ಡಾಕ್ಟರ್ ಆದ್ರ ಏನಾತು?”

ನನ್ನ ಬಲಗೈ ಆಗಲೇ ಎದ್ದುಬಿಟ್ಟಿತ್ತು. ನೀರು ಚಿಮ್ಮಿ ಅವಳ ಸೀರೆ ತೋಯಿತು.

“ನೋಡಿದೇನು?” ಎಂದು ಚೀರಿದೆ. “ನಿನ್ನ ಮರ್ಯಾದಿ ಉಳಿತು, ಅಂವ ಸತ್ತ!”

ಆಯಿ ಎದ್ದು ಒಳಗೆ ಹೋದಳು. ಹಾಗೆ ಚೀರಬಾರದಿತ್ತು. ಆದರೆ ಹೇಳಿದ್ದು ಸುಳ್ಳಾಗಿರಲಿಲ್ಲ, ಅದಕ್ಕೇ ತಪ್ಪಾಯಿತು ಅನ್ನಲು ನಾಲಿಗೆ ಹೊರಳಲಿಲ್ಲ.

ರವಿವಾರ ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿಗೆ ನೀರು ತುಂಬಿತ್ತು. ಹರಕು ಸೀರೆ ಉಟ್ಟು ಆಯಿ ಪರಾತದ ಮುಂದೆ ಕೂತಿದ್ದಳು.

“ತಾ,” ಅಂದಳು.

ಮಧ್ಯಾಹ್ನದವರೆಗೆ ನಾನು ಕೊಡುತ್ತಾ ಹೋದೆ, ಅವಳು ಇಸಿದುಕೊಳ್ಳುತ್ತಾ ಹೋದಳು. ಮೊದಮೊದಲು ಮುಖ ಆಚೆ ತಿರುಗಿಸಿ, ಆಮೇಲೆ ನೆಟ್ಟಗೆ ನೋಡುತ್ತಾ. ಬಲಗೈ ಎದ್ದಾಗಲೆಲ್ಲ ಚಮಚದಿಂದ ಅದಕ್ಕೊಂದು ಬಿಗಿದಳು. ಚಿಕ್ಕಂದಿನಲ್ಲಿ ಎಡಗೈಗೆ ಬೀಳುತ್ತಿದ್ದ ಏಟಿಗಿಂತ ಇದೇನೂ ಕಡಿಮೆ ಇರಲಿಲ್ಲ.

ಸೋಮವಾರ ರಬ್ಬರ್ ಮನುಷ್ಯ ಬದುಕಿದ. ಮೂರು ಸಲವೂ ಬದುಕಿದ. ಸಿಸ್ಟರ್ ನನ್ನ ಎಡಗೈಯಿಂದ ಕತ್ತರಿ ಇಸಿದುಕೊಂಡು ಏನೂ ಆಗದವರಂತೆ ಟ್ರೇಯಲ್ಲಿಟ್ಟರು. ಸರ್ ಬಗ್ಗಿ ಬೋಗುಣಿ ನೋಡಿದರು. ಶರಬತ್ತು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಆ ವಾರವೇ ಜೇವರ್ಗಿಯಿಂದ ಬಂದ ಒಬ್ಬ ಹೆಣ್ಣುಮಗಳ ಆಪರೇಷನ್ನಿನಲ್ಲಿ ನಾನು ನನ್ನ ಮೊದಲ ಗಂಟು ಹಾಕಿದೆ.

ಮುಂದಿನ ರಜೆಗೆ ಊರಿಗೆ ಹೋದಾಗ ಆಯಿ ಪಕ್ಕದ ಮನೆಯಾಕೆಯ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ಕುಡಿಯಲು ನೀರು ಕೇಳಿದಳು. ಮಂದಿಯ ಮುಂದೆ ಅವಳ ಮರ್ಯಾದೆ ಉಳಿಯಲಿ ಎಂದು, ತಂಬಿಗೆಯನ್ನು ಬೇಕೆಂದೇ ಬಲಗೈಯಿಂದ ಚಾಚಿದೆ.

ಆಯಿ ತೆಗೆದುಕೊಳ್ಳಲಿಲ್ಲ.

“ಎಡಗೈಲೆ ಕೊಡು,” ಅಂದಳು. “ರೂಢಿ ತಪ್ಪತೈತಿ.”